1938ರ ಕಿರ್ದಿಯಲ್ಲಿ ನಯಾ ಪೈಸೆ: ಒಂದು ಚೆಕ್‌ಸಮ್ ಪ್ರಕರಣ

ಗದಗ ಜಿಲ್ಲೆಯ ಹಳೆಯ ಸಹಕಾರಿ ಸಂಘವೊಂದು ತನ್ನ ಕಿರ್ದಿ, ಖತಾವಣಿ, ಸಭೆಯ ನಡಾವಳಿ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿಸಿತ್ತು. ಕೆಲಸ ಹಿಡಿದದ್ದು ಹುಬ್ಬಳ್ಳಿಯ ಒಂದು ಸಣ್ಣ ಘಟಕ. ಎರಡರ ಹೆಸರೂ ಇಲ್ಲಿ ಬೇಡ. ಕೆಲಸ ಮುಗಿದು ಡಿಸ್ಕ್ ಕೈಗೆ ಬಂದ ಮೇಲೆ ಸಂಘದ ಹಿರಿಯ ಗುಮಾಸ್ತರು 1938ರ ಕಿರ್ದಿಯನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಪುಟ ನೋಡುತ್ತಾ ಹೋದರು. 87ನೇ ಪುಟದಲ್ಲಿ ನಿಂತರು. ಹಿಂದಿನ ಪುಟದಲ್ಲಿ ರೂಪಾಯಿ, ಆಣೆ, ಪೈ. ಮುಂದಿನ ಪುಟದಲ್ಲೂ ಅದೇ. ಈ ಪುಟದಲ್ಲಿ ಮಾತ್ರ ಹತ್ತಿ ಮಾರಾಟದ ಲೆಕ್ಕ, ಅದೂ ನಯಾ ಪೈಸೆಯಲ್ಲಿ. ತಕ್ಷಣ ಹುಬ್ಬಳ್ಳಿಗೆ ಫೋನ್ ಮಾಡಿದರು: "1938ರಾಗ ನಯಾ ಪೈಸೆ ಎಲ್ಲಿಂದ ಬಂತ್ರೀ? ಆಗ ನಮ್ಮೂರು ಇನ್ನೂ ಮುಂಬೈ ಪ್ರಾಂತ್ಯದಾಗ ಇತ್ತು."

ಅವರ ಮಾತು ಸರಿ. ರೂಪಾಯಿಗೆ ನೂರು ಪೈಸೆ ಎಂಬ ಲೆಕ್ಕ ನಮ್ಮಲ್ಲಿ ಶುರುವಾದದ್ದು 1957ರ ಏಪ್ರಿಲ್ 1ರಿಂದ. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆ ಪುಟವನ್ನು ದೊಡ್ಡದು ಮಾಡಿ ನೋಡಿದರೆ ತಲೆಯ ಮೇಲೆ 1961 ಎಂದು ಇಸವಿಯೂ ಇತ್ತು.

ಇಂಥದ್ದು ಕಂಡಾಗ ಮೊದಲು ಬೈಸಿಕೊಳ್ಳುವುದು ಸ್ಕ್ಯಾನ್ ಮಾಡುವ ಹುಡುಗರು. ಎರಡು ಪುಸ್ತಕದ ಹಾಳೆ ಕಲೆಸಿರಬೇಕು, ಇಲ್ಲವೇ ಫೈಲಿಗೆ ತಪ್ಪು ಹೆಸರು ಕೊಟ್ಟಿರಬೇಕು ಎಂದು ಎಲ್ಲರೂ ಅಂದುಕೊಂಡರು. ಆದರೆ ಎರಡೂ ಪುಸ್ತಕ ಸ್ಕ್ಯಾನ್ ಆದದ್ದು ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಪೆಟ್ಟಿಗೆಯಿಂದ. ದಿನದ ಕೆಲಸದ ಚೀಟಿಯಲ್ಲಿ 1938ರ ಕಿರ್ದಿಯ 87ನೇ ಪುಟ ಸ್ಕ್ಯಾನ್ ಆಗಿದೆ ಎಂಬ ಗುರುತೂ ಇತ್ತು. ಡಿಸ್ಕ್ ಕೆಟ್ಟಿರಬಹುದೇ ಎಂದು ಘಟಕದ ಮಾಲೀಕರು ಚೆಕ್‌ಸಮ್ ಪಟ್ಟಿ (ಪ್ರತಿ ಫೈಲಿನ ಡೇಟಾದಿಂದ ಲೆಕ್ಕ ಹಾಕಿ ಬರೆದಿಟ್ಟ ಗುರುತಿನ ಸಂಖ್ಯೆಗಳು) ಹಿಡಿದು ಎಲ್ಲ ಫೈಲುಗಳನ್ನು ತಾಳೆ ನೋಡಿಸಿದರು. ಪರದೆಯ ಮೇಲೆ ಬಂದದ್ದು "ಎಲ್ಲ ಸರಿ". 87ನೇ ಪುಟವೂ ಸರಿ! ಆಗ ಅವರು ನನ್ನನ್ನು ಕರೆದರು. ಪುಟ ಕಣ್ಣೆದುರಿಗೇ ಬೇರೆ ಇದೆ, ಚೆಕ್‌ಸಮ್ ಮಾತ್ರ ಅದೇ ಪುಟ ಎನ್ನುತ್ತಿದೆ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿರಬೇಕು, ಅಲ್ವಾ? ಎರಡೂ ಸುಳ್ಳು ಹೇಳುತ್ತಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ಸ್ವಾರಸ್ಯ ಕಂಡದ್ದು ಅಲ್ಲೇ.

ಫೈಲುಗಳ ಬಗ್ಗೆ ಸ್ವಲ್ಪ

ಸಹಕಾರ ಗದಗ ಸೀಮೆಗೆ ಹೊಸದಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಹಾಗಾಗಿ ಸುತ್ತಮುತ್ತಲಿನ ಸಂಘಗಳಲ್ಲಿ ಹಳೆಯ ದಫ್ತರ ಜಾಸ್ತಿ. ನಮ್ಮ ಈ ಸಂಘದ್ದು ಪುಟಕ್ಕೊಂದು ಫೈಲಿನಂತೆ ಸುಮಾರು 2 ಲಕ್ಷ ಫೈಲ್ ಆಯಿತು.

ಪ್ರತಿ ಪುಟ ಎ4 ಅಳತೆಯಲ್ಲಿ, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, ಬೂದು ಬಣ್ಣದಲ್ಲಿ ಸ್ಕ್ಯಾನ್ ಆಗಿತ್ತು. ಅಂದರೆ ಅಡ್ಡ 2480, ಉದ್ದ 3508 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಒಂದು ಬೈಟ್. ಹೀಗೆ ಒಂದು ಪುಟ ಸುಮಾರು 87 ಲಕ್ಷ ಬೈಟ್, ಅಂದರೆ 8.7 ಎಂಬಿ. ದಾಖಲೆ ಬಹುಕಾಲ ಉಳಿಯಬೇಕು ಎಂದು ಕುಗ್ಗಿಸದ ಟಿಫ್ ಫೈಲುಗಳನ್ನೇ ಇಟ್ಟಿದ್ದರು. ಅದು ಒಳ್ಳೆಯ ನಿರ್ಧಾರವೇ. ಆದರೆ ಅದರಿಂದ ಒಂದು ಪರಿಣಾಮ ಆಯಿತು, ಅದು ಯಾರ ಗಮನಕ್ಕೂ ಬರಲಿಲ್ಲ. ಫೋನಿನಲ್ಲಿ ತೆಗೆದ ಜೆಪೆಗ್ ಫೋಟೊಗಳ ಸೈಜು ಒಂದೊಂದಕ್ಕೆ ಒಂದೊಂದು. ಕುಗ್ಗಿಸದ ಟಿಫ್ ಹಾಗಲ್ಲ. ಪುಟ ತುಂಬ ಬರೆದಿರಲಿ, ಖಾಲಿ ಇರಲಿ, ಎಲ್ಲ ಫೈಲುಗಳ ಸೈಜು ಕೊನೆಯ ಬೈಟಿನವರೆಗೂ ಒಂದೇ.

2 ಲಕ್ಷ ಫೈಲಿಗೆ 8.7 ಎಂಬಿಯಂತೆ 1.74 ಟಿಬಿ ಬೇಕು. ಅವರ ಹತ್ತಿರ ಇದ್ದದ್ದು 2 ಟಿಬಿ ಡಿಸ್ಕ್. ಜಾಗ ಸಾಕಾಗಬೇಕಿತ್ತು. ಆದರೆ "ಫೈನಲ್", "ಫೈನಲ್ 2", "ಹೊಸ ಫೈನಲ್" ಎಂಬ ಫೋಲ್ಡರುಗಳು ಯಾವ ಆಫೀಸಿನಲ್ಲಿ ಇರುವುದಿಲ್ಲ ಹೇಳಿ! ಕಾಪಿಯ ಮೇಲೆ ಕಾಪಿ ಸೇರಿ ಡಿಸ್ಕ್ ತುಂಬಿಹೋಯಿತು.

ಚೆಕ್‌ಸಮ್ ಕಾಪಾಡಿದ ದಿನಗಳು

ಇದಕ್ಕೆ ಮುಂಚೆ ನಡೆದ ಒಂದು ಸಂಗತಿ ಹೇಳಬೇಕು. ಅದಿಲ್ಲದೆ ಆ ಘಟಕದವರು ಚೆಕ್‌ಸಮ್ಮನ್ನು ಅಷ್ಟು ನಂಬಿದ್ದು ಏಕೆ ಎಂದು ಗೊತ್ತಾಗುವುದಿಲ್ಲ.

ಸ್ಕ್ಯಾನ್ ಮಾಡುವ ಲ್ಯಾಪ್‌ಟಾಪಿನಲ್ಲಿ ಪುಟ ಸೇವ್ ಆದ ಕೂಡಲೇ ಅದರ ಸಿಆರ್‌ಸಿ-32 ಎಂಬ ಚೆಕ್‌ಸಮ್ ಲೆಕ್ಕ ಹಾಕಿ ಒಂದು ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಆಮೇಲೆ ಆಫೀಸಿನ ಮಶಿನ್ ಮೂಲಕ ಡಿಸ್ಕಿಗೆ ಕಾಪಿ. ಕಾಪಿ ಆದ ಮೇಲೆ ಮತ್ತೆ ಲೆಕ್ಕ ಹಾಕಿ ಪಟ್ಟಿಯ ಜೊತೆ ತಾಳೆ. ಶುರುವಿನ ದಿನಗಳಲ್ಲೇ 14 ಫೈಲು ತಾಳೆಯಾಗಲಿಲ್ಲ. ತೆರೆದು ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿದ್ದವು. ಮೂಲದ ಜೊತೆ ಬೈಟ್ ಬೈಟ್ ಹೋಲಿಸಿದಾಗ ಪ್ರತಿ ಫೈಲಿನಲ್ಲೂ ಒಂದೊಂದೇ ಬಿಟ್ ಬದಲಾಗಿತ್ತು. ಎಲ್ಲೋ ಒಂದು ಪಿಕ್ಸೆಲ್‌ನ ಬೂದು 200 ಇದ್ದದ್ದು 216 ಆಗಿದೆ, ಅಷ್ಟೇ. 87 ಲಕ್ಷ ಪಿಕ್ಸೆಲ್‌ನಲ್ಲಿ ಅದನ್ನು ಕಾಣುವ ಕಣ್ಣು ಯಾರಿಗೂ ಇಲ್ಲ. ಕೊನೆಗೆ ಆಫೀಸ್ ಮಶಿನ್ನಿನ ಒಂದು ರ‍್ಯಾಮ್ ಕಡ್ಡಿ ಹಾಳಾಗಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಬದಲಾಯಿಸಿದರು.

ಹಾರ್ಡ್ ಡಿಸ್ಕಿಗೆ, ಕೇಬಲ್ಲಿಗೆ ಅವುಗಳದ್ದೇ ತಪ್ಪು ಹಿಡಿಯುವ ವ್ಯವಸ್ಥೆ ಇದೆಯಲ್ಲ, ಅವು ಏಕೆ ಹಿಡಿಯಲಿಲ್ಲ ಎಂದು ಕೇಳಬಹುದು. ಇದೆ, ಯುಎಸ್‌ಬಿ ಮತ್ತು ಸಾಟಾ ಎರಡೂ ತಂತಿಯ ಮೇಲೆ ಹೋಗುವ ಡೇಟಾಗೆ ಸಿಆರ್‌ಸಿ ಹಾಕಿಯೇ ಕಳಿಸುತ್ತವೆ. ಆದರೆ ಇಲ್ಲಿ ಬಿಟ್ ತಿರುಗಿದ್ದು ಮಶಿನ್ನಿನ ಮೆಮೊರಿಯಲ್ಲಿ. ಕೆಟ್ಟ ಡೇಟಾವನ್ನೇ ಕೇಬಲ್ ಬಹಳ ಪ್ರಾಮಾಣಿಕವಾಗಿ ಡಿಸ್ಕಿಗೆ ಮುಟ್ಟಿಸಿತು. ಚೆಕ್‌ಸಮ್ ಹೇಳುವುದು ಇಷ್ಟೇ: "ನನ್ನನ್ನು ಲೆಕ್ಕ ಹಾಕಿದ ಗಳಿಗೆಯಿಂದ ಈಚೆಗೆ ಇದು ಬದಲಾಗಿಲ್ಲ." ಅದಕ್ಕೂ ಮೊದಲು ಕೆಟ್ಟಿದ್ದರೆ ಕೆಟ್ಟದ್ದಕ್ಕೇ ಅದು ಸಹಿ ಹಾಕುತ್ತದೆ. ಸ್ಕ್ಯಾನ್ ಆದ ಕೂಡಲೇ ಪಟ್ಟಿ ಮಾಡುವ ಅವರ ಪದ್ಧತಿ ಒಳ್ಳೆಯದಿತ್ತು, ಹಾಗಾಗಿ ಉಳಿದರು.

14 ಫೈಲು ಹಿಡಿದುಕೊಟ್ಟ ಮೇಲೆ ಆ ಪಟ್ಟಿ ಘಟಕದಲ್ಲಿ ವೇದವಾಕ್ಯವಾಯಿತು.

ತಪ್ಪು ಸಿಕ್ಕಿಬೀಳುವುದು ಹೇಗೆ

ಕಿರ್ದಿ ಬರೆದವರಿಗೆ ಈ ವಿಷಯ ಹೊಸದಾಗಿ ಹೇಳಬೇಕಿಲ್ಲ. ಪುಟದ ಕೆಳಗಿನ ಮೊತ್ತವೇ ಒಂದು ಚೆಕ್‌ಸಮ್. 25, 17, 40 ಕೂಡಿದರೆ 82. ಕಾಪಿ ಮಾಡುವಾಗ 17ನ್ನು 71 ಎಂದು ಬರೆದರೆ ಮೊತ್ತ 136 ಆಗುತ್ತದೆ, ತಪ್ಪು ಸಿಕ್ಕಿತು. ವ್ಯತ್ಯಾಸ 54, ಅದು 9ರಿಂದ ಭಾಗವಾಗುತ್ತದೆ. ಹಾಗಿದ್ದರೆ ಎಲ್ಲೋ ಅಂಕಿ ಅದಲುಬದಲಾಗಿದೆ ಎಂದು ಹಳೆಯ ಗುಮಾಸ್ತರು ಊಹಿಸುತ್ತಾರೆ. ಒಳ್ಳೆಯ ಉಪಾಯ. ಆದರೆ 25 ಇದ್ದಲ್ಲಿ 27, 17 ಇದ್ದಲ್ಲಿ 15 ಬರೆದರೆ? ಮೊತ್ತ ಮತ್ತೆ 82. ಎರಡು ತಪ್ಪು ಒಂದನ್ನೊಂದು ಮುಚ್ಚಿಬಿಟ್ಟವು. ಎರಡು ಸಾಲುಗಳ ಜಾಗ ಅದಲುಬದಲಾದರೂ ಅಷ್ಟೇ, ಮೊತ್ತಕ್ಕೆ ಕ್ರಮ ಗೊತ್ತಿಲ್ಲ.

ಸುಮ್ನೆ ಕೂಡುವ ಚೆಕ್‌ಸಮ್‌ಗಳೆಲ್ಲಕ್ಕೂ ಈ ದೌರ್ಬಲ್ಯ ಇದೆ. ಇಂಟರ್‌ನೆಟ್ಟಿನ ಟಿಸಿಪಿ ಚೆಕ್‌ಸಮ್ ಕೂಡ 16 ಬಿಟ್ಟಿನ ತುಂಡುಗಳನ್ನು ಕೂಡುವ ಲೆಕ್ಕವೇ. ತುಂಡುಗಳು ಜಾಗ ಬದಲಾಯಿಸಿದರೆ ಅದಕ್ಕೆ ತಿಳಿಯುವುದಿಲ್ಲ. ಅಂಕಿಯ ಜಾಗಕ್ಕೂ ಬೆಲೆ ಕೊಡುವ ಲೆಕ್ಕ ಬೇಕು. ನಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕಿ ಅಂಥದ್ದು. ಅದು ವೆರ್ಹೂಫ್ ಎಂಬ ಡಚ್ ಗಣಿತಜ್ಞನ ವಿಧಾನ. ಒಂದು ಅಂಕಿ ತಪ್ಪಾದರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ತಪ್ಪದೆ ಹಿಡಿಯುತ್ತದೆ.

ಸಿಆರ್‌ಸಿ ಇನ್ನೂ ಮುಂದೆ ಹೋಗುತ್ತದೆ. ವೆಸ್ಲಿ ಪೀಟರ್ಸನ್ 1961ರಲ್ಲಿ ಮುಂದಿಟ್ಟ ವಿಧಾನ ಅದು. ಇಡೀ ಫೈಲನ್ನು ಸೊನ್ನೆ-ಒಂದುಗಳ ಒಂದು ಭಾರೀ ಸಂಖ್ಯೆ ಎಂದು ಹಿಡಿದು, ಗೊತ್ತುಮಾಡಿದ 33 ಬಿಟ್ಟಿನ ಭಾಜಕದಿಂದ ಭಾಗಿಸುತ್ತಾರೆ. ದಶಕ ಹಿಡಿಯದ, ಸಾಲ ಪಡೆಯದ ಭಾಗಾಕಾರ ಅದು. ಉಳಿದ ಶೇಷವೇ 32 ಬಿಟ್ಟಿನ ಸಿಆರ್‌ಸಿ-32. ಪ್ರತಿ ಬಿಟ್ ಎಲ್ಲಿದೆ ಎಂಬುದರ ಮೇಲೆ ಶೇಷ ಬದಲಾಗುತ್ತದೆ. ಇದಕ್ಕೆ ಗಣಿತದ ಖಚಿತ ಭರವಸೆಗಳಿವೆ. ಒಂದು ಬಿಟ್ ತಿರುಗಿದರೆ ಖಂಡಿತ ಸಿಗುತ್ತದೆ. ನಮ್ಮ ಪುಟದ ಗಾತ್ರದಲ್ಲಿ, ಅಂದರೆ ಸುಮಾರು 7 ಕೋಟಿ ಬಿಟ್ಟಿನಲ್ಲಿ, ಯಾವ ಎರಡು ಬಿಟ್ ತಿರುಗಿದರೂ ಸಿಗುತ್ತದೆ. ಒಂದೇ ಕಡೆ 32 ಬಿಟ್ಟಿನೊಳಗೆ ಏನೇ ಗೊಂದಲವಾದರೂ ಸಿಗುತ್ತದೆ. ರ‍್ಯಾಮ್ ಕಡ್ಡಿಯ 14 ತಪ್ಪುಗಳು ಸಿಕ್ಕಿದ್ದು ಅದೃಷ್ಟದಿಂದ ಅಲ್ಲ, ಒಂದೇ ಬಿಟ್ಟಿನ ತಪ್ಪು ಸಿಆರ್‌ಸಿಯಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಈ ಭರವಸೆಗಳ ಆಚೆಗೆ, ಫೈಲು ಪೂರ್ತಿ ಬೇರೆಯೇ ಆಗಿದ್ದರೆ, ಖಚಿತ ಎನ್ನುವುದು ಹೋಗಿ ಸಂಭವ ಎನ್ನುವುದು ಬರುತ್ತದೆ. 32 ಬಿಟ್ಟಿನಲ್ಲಿ ಬರಬಹುದಾದ ಬೆಲೆಗಳು 429,49,67,296. ಸುಮಾರು 429 ಕೋಟಿ. ಸಂಬಂಧವೇ ಇಲ್ಲದ ಎರಡು ಪುಟಗಳಿಗೆ ಒಂದೇ ಬೆಲೆ ಬರುವ ಸಾಧ್ಯತೆ 429 ಕೋಟಿಯಲ್ಲಿ ಒಂದು. ಈ ಸಂಖ್ಯೆ ಕೇಳಿದರೆ ಯಾರಿಗಾದರೂ "ಆಗಲಿಕ್ಕೇ ಇಲ್ಲ ಬಿಡು" ಎನ್ನಿಸುತ್ತದೆ.

ಜಾಗ ಉಳಿಸಲು ಬರೆದ ಸ್ಕ್ರಿಪ್ಟ್

ಡಿಸ್ಕ್ ತುಂಬಿದಾಗ ಡೂಪ್ಲಿಕೇಟ್ ತೆಗೆಯುವ ಕೆಲಸ ಬಿದ್ದದ್ದು ವಿದ್ಯಾನಗರದ ಕಡೆಯಿಂದ ಇಂಟರ್ನ್‌ಶಿಪ್‌ಗೆ ಬರುತ್ತಿದ್ದ ಇಂಜಿನಿಯರಿಂಗ್ ಹುಡುಗನ ಮೇಲೆ. ಹುಡುಗ ಜಾಣ. 1.74 ಟಿಬಿಯನ್ನು ಮತ್ತೆ ಓದಬೇಕೆಂದರೆ ಸೆಕೆಂಡಿಗೆ 100 ಎಂಬಿ ವೇಗದಲ್ಲೂ ಐದು ಗಂಟೆಯ ಹತ್ತಿರ ಬೇಕು. ಆದರೆ ಪ್ರತಿ ಫೈಲಿನ ಸಿಆರ್‌ಸಿ-32 ಈಗಾಗಲೇ ಪಟ್ಟಿಯಲ್ಲಿ ಇದೆಯಲ್ಲ! ಅವನು ಪಟ್ಟಿಯನ್ನೇ ಜೋಡಿಸಿ, ಸೈಜು ಮತ್ತು ಸಿಆರ್‌ಸಿ ಎರಡೂ ಒಂದೇ ಇರುವ ಫೈಲುಗಳನ್ನು ಹುಡುಕಿದ. ಕೆಲವೇ ಸೆಕೆಂಡಿನ ಕೆಲಸ. ಸಿಕ್ಕ ಡೂಪ್ಲಿಕೇಟ್ ಅಳಿಸಿ, ಅದರ ಹೆಸರಿನಲ್ಲಿ ಉಳಿದ ಫೈಲಿಗೆ ಹಾರ್ಡ್ ಲಿಂಕ್ ಹಾಕಿದ. ಹೆಸರು ಎರಡು, ಡಿಸ್ಕಿನ ಮೇಲೆ ಡೇಟಾ ಒಂದೇ. ಸುಮಾರು 30 ಸಾವಿರ ಫೈಲಿನ ಜಾಗ ಖಾಲಿಯಾಯಿತು. ಎಲ್ಲರಿಗೂ ಖುಷಿ.

ನಾನು ಕೇಳಿದಾಗ ಅವನು ಹೇಳಿದ್ದು: "ಅಣ್ಣಾ, ಸೈಜೂ ಒಂದ, ಸಿಆರ್‌ಸಿನೂ ಒಂದ. ಇನ್ನೇನ್ ಬೇಕಾಗಿತ್ತು?"

ಬೇರೆ ಕಡೆ ಆಗಿದ್ದರೆ ಅವನ ವಾದದಲ್ಲಿ ಸ್ವಲ್ಪ ಹುರುಳಿರುತ್ತಿತ್ತು. ಫೋಟೊ ಸ್ಟುಡಿಯೋದ ಜೆಪೆಗ್‌ಗಳಾಗಿದ್ದರೆ ಸೈಜೂ ಒಂದೇ ಆಗುವುದು ಅಪರೂಪ, ಹಾಗಾಗಿ ಸೈಜಿನ ತಾಳೆಯೂ ಒಂದು ಕಾವಲು. ಇಲ್ಲಿ 2 ಲಕ್ಷ ಫೈಲಿನದ್ದೂ ಒಂದೇ ಸೈಜು. ಆ ಕಾವಲು ಇದ್ದೂ ಇಲ್ಲದಂತೆ. ಉಳಿದದ್ದು ಬರೀ 32 ಬಿಟ್.

ಮೊದಲು ಒಂದು ಪೆಟ್ಟಿಗೆಯ ಮೇಲೆ, 5 ಸಾವಿರ ಫೈಲಿನಲ್ಲಿ, ಪರೀಕ್ಷೆ ಮಾಡಿಯೂ ನೋಡಿದ್ದ. ಒಂದೊಂದು ಜೋಡಿಯನ್ನೂ ಕಣ್ಣಿಂದ ನೋಡಿದ್ದ. ಎಲ್ಲವೂ ನಿಜವಾದ ಡೂಪ್ಲಿಕೇಟೇ. ಪರೀಕ್ಷೆ ಮಾಡಿದ್ದು ತಪ್ಪಲ್ಲ, ಆದರೆ 5 ಸಾವಿರದಲ್ಲಿ ಈ ತೊಂದರೆ ಕಾಣಿಸುವ ಸಾಧ್ಯತೆ ಸಾವಿರಕ್ಕೆ ಮೂರು ಮಾತ್ರ.

429 ಕೋಟಿ ಹೇಗೆ ಸಣ್ಣದಾಯಿತು

ಕಾಪಿ ಸರಿಯಿದೆಯೇ ಎಂದು ನೋಡುವಾಗ ಒಂದು ಫೈಲನ್ನು ಅದರದ್ದೇ ಹಳೆಯ ಬೆಲೆಯ ಜೊತೆ ಹೋಲಿಸುತ್ತೇವೆ. ಒಂದಕ್ಕೆ ಒಂದು. ಕೆಟ್ಟ ಫೈಲು ಜಾರಿಕೊಳ್ಳುವ ಸಾಧ್ಯತೆ 429 ಕೋಟಿಯಲ್ಲಿ ಒಂದು. ಈ ಕೆಲಸಕ್ಕೆ ಸಿಆರ್‌ಸಿ-32 ಧಾರಾಳ ಸಾಕು. ಈಥರ್ನೆಟ್‌ನ ಪ್ರತಿ ಫ್ರೇಮಿನಲ್ಲೂ ಅದೇ ಇದೆ.

ಡೂಪ್ಲಿಕೇಟ್ ಹುಡುಕುವಾಗ ಕೇಳುವ ಪ್ರಶ್ನೆಯೇ ಬೇರೆ. ಈ 2 ಲಕ್ಷದಲ್ಲಿ *ಯಾವುದಾದರೂ* ಎರಡು ಒಂದೇ ಇವೆಯೇ? ಆಗ ಪ್ರತಿ ಫೈಲು ಉಳಿದ ಪ್ರತಿ ಫೈಲಿನ ಜೊತೆ ಹೋಲಿಕೆಗೆ ನಿಲ್ಲುತ್ತದೆ. ಜೋಡಿಗಳನ್ನು ಎಣಿಸಿ: 2,00,000 ಗುಣಿಸು 1,99,999, ಭಾಗಿಸು 2. ಸುಮಾರು 2000 ಕೋಟಿ ಜೋಡಿ. ಪ್ರತಿ ಜೋಡಿಗೂ 429 ಕೋಟಿಯಲ್ಲಿ ಒಂದರಂತೆ ಅವಕಾಶ. 2000ವನ್ನು 429ರಿಂದ ಭಾಗಿಸಿದರೆ 4.66. ಅಂದರೆ ನಾಲ್ಕೈದು ಜೋಡಿ ಬೇರೆ ಬೇರೆ ಪುಟಗಳು ಒಂದೇ ಸಿಆರ್‌ಸಿ ಹೊತ್ತು ಕೂತಿರುತ್ತವೆ ಎಂದು *ನಿರೀಕ್ಷಿಸಲೇಬೇಕು*. ಒಂದೂ ಇರದಿರುವ ಸಾಧ್ಯತೆ ಶೇಕಡಾ ಒಂದಕ್ಕಿಂತ ಕಡಿಮೆ!

ಇದೇ ಬರ್ತ್‌ಡೇ ಲೆಕ್ಕ. ವರ್ಷಕ್ಕೆ 365 ದಿನವಿದ್ದರೂ 23 ಜನ ಸೇರಿದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಸಿಆರ್‌ಸಿ-32ರಲ್ಲಿ ಆ ಅರ್ಧದ ಗಡಿ ಬರುವುದು ಸುಮಾರು 77 ಸಾವಿರ ಫೈಲಿಗೆ. ಫೈಲು ಎರಡು ಪಟ್ಟಾದರೆ ಜೋಡಿ ನಾಲ್ಕು ಪಟ್ಟು. ಆ ಹುಡುಗನ 5 ಸಾವಿರ ಫೈಲಿನ ಪರೀಕ್ಷೆಯಲ್ಲಿ ಇದ್ದದ್ದು ಬರೀ 1.25 ಕೋಟಿ ಜೋಡಿ. ಫೈಲು 40 ಪಟ್ಟು ಹೆಚ್ಚಿತು, ಅಪಾಯ 1600 ಪಟ್ಟು. ಸಣ್ಣ ಪರೀಕ್ಷೆಯಲ್ಲಿ ಪಾಸಾದ ಸ್ಕ್ರಿಪ್ಟ್ ದೊಡ್ಡ ಡಿಸ್ಕಿನ ಮೇಲೆ ಎಡವಿದ್ದು ಹೀಗೆ.

ಸಾಕ್ಷಿ ಸಿಕ್ಕಿದ್ದು

ಲೆಕ್ಕ ಏನೇ ಹೇಳಲಿ, ನೋಡಿಯೇ ಒಪ್ಪಬೇಕು. ಲಿನಕ್ಸ್ ಮಶಿನ್ನಿನಲ್ಲಿ ಎರಡೂ ಹೆಸರಿನ ಐನೋಡ್ ಸಂಖ್ಯೆ, ಅಂದರೆ ಡಿಸ್ಕಿನ ಮೇಲಿನ ಡೇಟಾದ ಗುರುತಿನ ಸಂಖ್ಯೆ, ತೆಗೆದೆವು. 1938ರ 87ನೇ ಪುಟ ಮತ್ತು 1961ರ ಹತ್ತಿ ಖತಾವಣಿಯ ಪುಟ ಎರಡಕ್ಕೂ ಒಂದೇ ಸಂಖ್ಯೆ. ಲಿಂಕ್ ಆಗಿರುವುದು ಖಾತ್ರಿ. ಸ್ಕ್ರಿಪ್ಟಿನ ಲಾಗ್‌ನಲ್ಲಿ "ಸೈಜು ಒಂದೇ, ಸಿಆರ್‌ಸಿ ಒಂದೇ" ಎಂಬ ಸಾಲೂ ಇತ್ತು.

ಸ್ಕ್ಯಾನ್ ಲ್ಯಾಪ್‌ಟಾಪಿನ ಮೊದಲ ಕಾಪಿಯ ಡಿಸ್ಕ್ ಮಾಲೀಕರ ಕಪಾಟಿನಲ್ಲೇ ಇತ್ತು, ಸ್ಕ್ರಿಪ್ಟ್ ಅದನ್ನು ಮುಟ್ಟಿರಲಿಲ್ಲ. ಅದರಿಂದ ಎರಡೂ ಮೂಲ ಪುಟ ತೆಗೆದು ಸಿಆರ್‌ಸಿ-32 ಹಾಕಿದೆವು. ಎಂಟಕ್ಕೆ ಎಂಟೂ ಅಕ್ಷರ ಒಂದೇ. ಎಸ್‌ಎಚ್‌ಎ-256 (256 ಬಿಟ್ಟಿನ, ಹೆಚ್ಚು ಬಲವಾದ ಚೆಕ್‌ಸಮ್) ಹಾಕಿದೆವು. 64 ಅಕ್ಷರದ ಎರಡು ಸಾಲು, ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ಆಣೆಯ ಪುಟ, ಒಂದು ನಯಾ ಪೈಸೆಯ ಪುಟ. ಪುಸ್ತಕದಲ್ಲಿ ಓದಿದ್ದ ಕೊಲಿಷನ್ (ಬೇರೆ ಬೇರೆ ಫೈಲಿಗೆ ಒಂದೇ ಬೆಲೆ ಬರುವುದು) ಅನ್ನು ಹತ್ತಿಯ ಲೆಕ್ಕದಲ್ಲಿ ಕಂಡಾಗ ಆ ಹುಡುಗ ಕುರ್ಚಿಯಿಂದ ಎದ್ದೇ ನಿಂತ.

ತಾಳೆ ನೋಡಿದಾಗ "ಎಲ್ಲ ಸರಿ" ಬಂದದ್ದೂ ಈಗ ಬಿಡಿಸಿದಂತಾಯಿತು. ಪಟ್ಟಿ ಕೇಳುವುದು "87ನೇ ಪುಟದ ಫೈಲೇ, ನಿನ್ನ ಸಿಆರ್‌ಸಿ ಇದೇನಾ?" ಎಂದು ಮಾತ್ರ. ಆ ಜಾಗದಲ್ಲಿ ಕೂತ ಬೇರೆ ಪುಟದ ಸಿಆರ್‌ಸಿಯೂ ಅದೇ. ಆರಿಸಿ ಕೂರಿಸಿದ್ದೇ ಸಿಆರ್‌ಸಿ ನೋಡಿ. ಯಾವ ಅಳತೆಗೋಲಿನಿಂದ ಅಳಿಸಿದರೋ ಅದೇ ಅಳತೆಗೋಲಿನಿಂದ ಪರೀಕ್ಷೆ ಮಾಡಿದರೆ ತಪ್ಪು ಯಾವ ಜನ್ಮಕ್ಕೂ ಕಾಣುವುದಿಲ್ಲ.

ಲಾಗ್‌ನಲ್ಲಿದ್ದ 30 ಸಾವಿರ ಜೋಡಿಗಳಲ್ಲಿ ಮೊದಲ ಕಾಪಿ ಸಿಕ್ಕವನ್ನೆಲ್ಲ ಅದರ ಜೊತೆ ಬೈಟ್ ಬೈಟ್ ಹೋಲಿಸಿದೆವು, ಸಿಗದ ಕಡೆ ಲಾಗ್ ನೋಡಿದೆವು. ನಿಜವಲ್ಲದ ಡೂಪ್ಲಿಕೇಟ್ ನಾಲ್ಕು ಜೋಡಿ ಸಿಕ್ಕವು. ಲೆಕ್ಕ ಹೇಳಿದ 4.66ರ ಹತ್ತಿರವೇ. ಒಂದು ಜೋಡಿ ಬಹಳ ಮೋಜಿನದು: ಎರಡೂ ಖಾಲಿ ಹಿಂಬದಿಗಳು. ಕಣ್ಣಿಗೆ ಎರಡೂ ಒಂದೇ ತರಹ, ಯಾರೂ ಎಂದೂ ಕಂಡುಹಿಡಿಯುತ್ತಿರಲಿಲ್ಲ. ಆದರೆ ಫೈಲುಗಳು ಬೇರೆ. ಒಂದೇ ಹಾಳೆಯನ್ನು ಎರಡು ಸಲ ಸ್ಕ್ಯಾನ್ ಮಾಡಿದರೂ ಎರಡು ಫೈಲು ತದ್ರೂಪ ಆಗುವುದಿಲ್ಲ, ಸೆನ್ಸರಿನ ಸಣ್ಣ ಗದ್ದಲ ಪ್ರತಿ ಸಲ ಬೇರೆ. ಹಾಗಾಗಿ ನಿಜವಾದ ಡೂಪ್ಲಿಕೇಟ್ ಎಂದರೆ ಫೋಲ್ಡರ್ ಕಾಪಿ ಮಾಡಿದ್ದು ಮಾತ್ರ. ಬೇರೆ ಬೇರೆ ಪುಸ್ತಕದ ಎರಡು ಪುಟ ಡೂಪ್ಲಿಕೇಟ್ ಎಂದು ಬಂದರೆ ಅಲ್ಲೇ ಅನುಮಾನ ಪಡಬೇಕಿತ್ತು. ಈ ಮಾತನ್ನು ಸ್ಕ್ರಿಪ್ಟಿಗೆ ಸೇರಿಸಲು ಒಂದು ಸಾಲು ಸಾಕಿತ್ತು.

ಸರಿಪಡಿಸುವಾಗ ಇದ್ದ ಒಂದು ಅಪಾಯ

ಮೂಲ ಪುಟ ಸಿಕ್ಕಿತಲ್ಲ, ತಂದು ಮೇಲೆ ಕಾಪಿ ಮಾಡಿದರೆ ಮುಗಿಯಿತು ಅಂದುಕೊಂಡರೆ ಕೆಟ್ಟೆವು. ಹಾರ್ಡ್ ಲಿಂಕ್ ಇರುವಾಗ ಸಾಮಾನ್ಯ ಕಾಪಿ ಕಮಾಂಡ್ ಹಳೆಯ ಫೈಲಿನ ಒಳಗೇ ಹೊಸ ಡೇಟಾ ಬರೆಯುತ್ತದೆ. ಡೇಟಾ ಒಂದೇ, ಹೆಸರು ಎರಡು. 1938ರ ಪುಟ ಸರಿಹೋಗುತ್ತದೆ, 1961ರ ಖತಾವಣಿಯೊಳಗೆ ಆಣೆ-ಪೈ ಬಂದು ಕೂರುತ್ತದೆ! ಅದಕ್ಕೂ "ಎಲ್ಲ ಸರಿ" ಎಂದೇ ಬರುತ್ತದೆ, ಸಿಆರ್‌ಸಿ ಒಂದೇ ಅಲ್ಲವೇ. ಆದ್ದರಿಂದ ಮೊದಲು ತಪ್ಪು ಹೆಸರನ್ನು ಅಳಿಸಬೇಕು, ಲಿಂಕ್ ಕಡಿಯಬೇಕು, ಆಮೇಲೆ ಮೂಲವನ್ನು ಹೊಸ ಫೈಲಾಗಿ ಇಡಬೇಕು. ಹಾಗೆಯೇ ಮಾಡಿದೆವು. ಮೂರು ಪುಟ ಹೀಗೆ ಮರಳಿ ಬಂದವು. ನಾಲ್ಕನೆಯ ಪುಟದ ಮೊದಲ ಕಾಪಿಯನ್ನು ಬೇರೆ ಕೆಲಸಕ್ಕೆಂದು ಅಳಿಸಿದ್ದರು. ಆ ಜೋಡಿ ನಿಜವಾದ ಡೂಪ್ಲಿಕೇಟ್ ಅಲ್ಲವೆಂದು ಲಾಗ್‌ನಿಂದ ಗೊತ್ತಾದದ್ದು ಇಷ್ಟರಿಂದ: ಎರಡು ಹೆಸರು ಎರಡು ಬೇರೆ ಪುಸ್ತಕದವು. ಪುಸ್ತಕ ಗದಗಿನಲ್ಲಿ ಸುರಕ್ಷಿತವಾಗಿತ್ತು, ಹೋಗಿ ಆ ಪುಟ ಮತ್ತೆ ಸ್ಕ್ಯಾನ್ ಮಾಡಿಸಿದರು.

ಮುಂದೆ ಏನು ಬದಲಾಯಿತು

ಇಂಥ ಸಂದರ್ಭದಲ್ಲಿ "ಸಿಆರ್‌ಸಿ ಬೇಡ, ಎಸ್‌ಎಚ್‌ಎ-256 ಹಾಕಿ" ಎಂದು ಬಿಡುವುದು ಸುಲಭ. ಸಲಹೆ ಸರಿಯೇ. ಅದರ ಬೆಲೆಗಳ ಸಂಖ್ಯೆ 78 ಅಂಕಿಯದು, 2 ಲಕ್ಷವಲ್ಲ, ಲೋಕದ ಎಲ್ಲ ದಫ್ತರ ಸೇರಿದರೂ ಅಕಸ್ಮಾತ್ ಕೊಲಿಷನ್ ಆಗುವ ಮಾತಿಲ್ಲ. ವೇಗದ ಚಿಂತೆಯೂ ಬೇಡ, ಡಿಸ್ಕ್ ಓದುವುದೇ ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೂ ಅಳಿಸುವ ಕೆಲಸಕ್ಕೆ ನನ್ನ ಹಟ ಬೇರೆ. ಚೆಕ್‌ಸಮ್ ಅನುಮಾನದ ಜೋಡಿಗಳನ್ನು ಆರಿಸಿಕೊಡಲಿ. ಅಳಿಸುವ ಮುನ್ನ ಆ ಜೋಡಿಗಳನ್ನು ಮಾತ್ರ ಬೈಟ್ ಬೈಟ್ ಹೋಲಿಸಿ. 2000 ಕೋಟಿ ಜೋಡಿಯಲ್ಲಿ 30 ಸಾವಿರ ಜೋಡಿ ಹೋಲಿಸುವುದು ಏನೂ ಅಲ್ಲ. ಹಾಗೆ ಮಾಡಿದ್ದರೆ ಸಿಆರ್‌ಸಿ-32 ಇಟ್ಟುಕೊಂಡೇ ಈ ಪ್ರಕರಣ ಆಗುತ್ತಿರಲಿಲ್ಲ. ಇದು ಹೊಸ ಉಪಾಯವೂ ಅಲ್ಲ. 1996ರಲ್ಲಿ ಬಂದ ಫೈಲ್ ಕಾಪಿ ಮಾಡುವ ತಂತ್ರಾಂಶ ಆರ್‌ಸಿಂಕ್ ಮೊದಲು ಹಗುರವಾದ 32 ಬಿಟ್ ಚೆಕ್‌ಸಮ್‌ನಿಂದ ತುಂಡುಗಳನ್ನು ಆರಿಸಿ, ಆಮೇಲೆ ಬಲವಾದ ಇನ್ನೊಂದರಿಂದ ಖಾತ್ರಿ ಮಾಡಿಕೊಳ್ಳುತ್ತದೆ. ಜಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮಿನಲ್ಲಿ ಡೂಪ್ಲಿಕೇಟ್ ತೆಗೆಯುವಾಗ ಬೈಟ್ ಹೋಲಿಸಿ ನೋಡು ಎನ್ನುವ ಆಯ್ಕೆಯೇ ಇದೆ.

ಗುಮಾಸ್ತರು ಇನ್ನೊಂದು ಪ್ರಶ್ನೆ ಎತ್ತಿದರು, ಅದು ನಮಗೆ ಹೊಳೆದಿರಲಿಲ್ಲ. "ಯಾರರೆ ಬೇಕಂತ್ಲೇ ತಿದ್ದಿದ್ರ?" ಸಾಲದ ಪುಸ್ತಕಗಳಲ್ಲವೇ, ಪ್ರಶ್ನೆ ಸಹಜ. ಇಲ್ಲಿ ಸಿಆರ್‌ಸಿ ಯಾವ ಉಪಯೋಗಕ್ಕೂ ಬಾರದು. ಪುಟದಲ್ಲಿ ಒಂದು ಮೊತ್ತ ತಿದ್ದಿ, ಅಂಚಿನ ಯಾವುದೋ ನಾಲ್ಕು ಪಿಕ್ಸೆಲ್ ಹೊಂದಿಸಿದರೆ ಹಳೆಯ ಸಿಆರ್‌ಸಿಯೇ ಬರುವಂತೆ ಮಾಡಬಹುದು. ಅದಕ್ಕೆ ಸಾಧಾರಣ ಗಣಿತ ಸಾಕು. ಸಿಆರ್‌ಸಿ ತಯಾರಾದದ್ದು ತಂತಿಯ ಗದ್ದಲ ಹಿಡಿಯಲು, ಮನುಷ್ಯನ ಕಿತಾಪತಿ ಹಿಡಿಯಲು ಅಲ್ಲ. ಕಿತಾಪತಿ ತಡೆಯಲೆಂದೇ ಮಾಡಿದ, ಹ್ಯಾಶ್ ಎನ್ನುವ ಬಲವಾದ ಚೆಕ್‌ಸಮ್‌ಗಳಲ್ಲೂ ಹಳೆಯವು ಸೋತಿವೆ. 1992ರ ಎಂಡಿ5ಗೆ 2004ರಲ್ಲಿ ಚೀನಾದ ಶಿಯಾವ್ಯುನ್ ವಾಂಗ್ ತಂಡ ಕೊಲಿಷನ್ ಮಾಡಿ ತೋರಿಸಿತು. ಎಸ್‌ಎಚ್‌ಎ-1ಕ್ಕೆ 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯವರು ಒಂದೇ ಬೆಲೆಯ ಎರಡು ಪಿಡಿಎಫ್ ತಯಾರಿಸಿದರು. ಈ ಎರಡರಲ್ಲೂ ಕೊಲಿಷನ್ ಮಾಡುವವನು ಎರಡೂ ಫೈಲನ್ನು ತಾನೇ ಕಟ್ಟಬೇಕು. ಬೇರೆಯವರು ಆಗಲೇ ಸ್ಕ್ಯಾನ್ ಮಾಡಿಟ್ಟ ಪುಟಕ್ಕೆ ಹೊಂದುವ ಇನ್ನೊಂದು ಪುಟ ಮಾಡುವುದು ಎಂಡಿ5ರಲ್ಲೂ ಇಂದಿಗೂ ಕೈಗೆಟುಕಿಲ್ಲ. ಹಾಗಂತ ಇವತ್ತು ಹೊಸದಾಗಿ ಎಂಡಿ5 ಆರಿಸಿಕೊಳ್ಳಲು ಕಾರಣವೂ ಇಲ್ಲ.

ಇದು ಬರೀ ತಾಂತ್ರಿಕ ಚರ್ಚೆ ಅಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬೆಲೆ ಬರೆಯುವ ಜಾಗವೇ ಇದೆ. ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಎಂದು ಆಯ್ಕೆ ಕೊಟ್ಟಿದ್ದಾರೆ. ಮೂರರಲ್ಲಿ ನಡುವಿನದನ್ನೇ ಹಿಡಿಯಿರಿ ಎಂದು ಸಂಘದವರಿಗೆ ಹೇಳಿದೆ.

ಈಗ ಹಸ್ತಾಂತರದ ಡಿಸ್ಕಿನಲ್ಲಿ ಪ್ರತಿ ಪುಟದ ಎಸ್‌ಎಚ್‌ಎ-256 ಪಟ್ಟಿ ಇರುತ್ತದೆ. ಆದರೆ ಡಿಸ್ಕ್ ಯಾರ ಕೈಯಲ್ಲಿದೆಯೋ ಅವರು ಪುಟವನ್ನೂ ತಿದ್ದಿ ಪಟ್ಟಿಯನ್ನೂ ತಿದ್ದಬಹುದಲ್ಲ? ಅದಕ್ಕೆ ಆ ಪಟ್ಟಿಯ ಫೈಲಿಗೇ ಇನ್ನೊಂದು ಎಸ್‌ಎಚ್‌ಎ-256 ತೆಗೆದು, ಆ 64 ಅಕ್ಷರವನ್ನು ಕಾಗದದ ಮೇಲೆ ಅಚ್ಚು ಮಾಡಿ, ಸಂಘದ ಕಾರ್ಯದರ್ಶಿ ಮತ್ತು ಘಟಕದ ಮಾಲೀಕರು ಇಬ್ಬರೂ ಸಹಿ ಹಾಕುತ್ತಾರೆ. ಒಂದು ಪ್ರತಿ ಸಂಘದ ತಿಜೋರಿಯಲ್ಲಿ, ಇನ್ನೊಂದು ಹುಬ್ಬಳ್ಳಿಯಲ್ಲಿ. ಹಳೆಯ ಸಿಆರ್‌ಸಿ ಪಟ್ಟಿಯನ್ನೂ ಎಸೆದಿಲ್ಲ. ದಿನದ ಕಾಪಿ ತಾಳೆ ನೋಡಲು ಅದೇ ಇದೆ, ಅಳಿಸುವ ಸ್ಕ್ರಿಪ್ಟ್ ಮಾತ್ರ ಈಗ ಅದನ್ನು ಓದುವುದಿಲ್ಲ.